ಹೊಳೆ ಏರಿದರೆ ಹಾಸಿಗೆ ಹಿಡಿದವರನ್ನು ಏನು ಮಾಡೋದು? ಸಿಸ್ಟರ್‌ನ ಕೇಳಿ (ಶ್ರೀರಂಗಪಟ್ಟಣ ಗ್ರೂಪ್)

ಗಂಜಾಂ ನಿವಾಸಿ: ನಮಸ್ಕಾರ ಸಿಸ್ಟರ್. ಕೆಆರ್‌ಎಸ್‌ನಿಂದ ನೀರು ಜಾಸ್ತಿ ಬಿಡ್ತಾರೆ ಅಂತ ಆಟೋದಲ್ಲಿ ಮೈಕ್ ಕಟ್ಟಿ ಸಾರಿ ಹೋದರು. ತಂದೆಗೆ 78, ಸಿಒಪಿಡಿ (ಉಸಿರಾಟ ಕಷ್ಟವಾಗೋ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ). ಮನೇಲಿ 5 ಲೀಟರ್‌ನ ಆಕ್ಸಿಜನ್ ಕಾನ್ಸನ್‌ಟ್ರೇಟರ್, ಡಾಕ್ಟರ್ 2ಕ್ಕೆ (ನಿಮಿಷಕ್ಕೆ 2 ಲೀಟರ್) ಇಡಲು ಹೇಳಿದ್ದಾರೆ. ಕರೆಂಟ್ ಹೋದರೆ ಯುಪಿಎಸ್ ಸಾಕಲ್ವಾ?

ಸಿಸ್ಟರ್: ಸಾಲದು. ನನಗೆ ಭಯ ಆಗೋದೇ ಇಂಥ ಮನೆಗಳದ್ದು. ಆ ಯಂತ್ರ ಸುಮಾರು 350 ವಾಟ್ ಎಳೆಯುತ್ತೆ. 150 ಎಎಚ್ ಬ್ಯಾಟರಿ ಹೊಸದಾಗಿದ್ದರೆ ಮೂರು-ನಾಲ್ಕು ಗಂಟೆ. ಹಳೇದಾದರೆ ಅದೂ ಇಲ್ಲ. ಇವತ್ತೇ ಬಿ ಟೈಪ್ ಆಕ್ಸಿಜನ್ ಸಿಲಿಂಡರ್ ತರಿಸಿ. ತುಂಬಿದ್ದರೆ 1,500 ಲೀಟರ್, 2ರಲ್ಲಿ ಸುಮಾರು 12 ಗಂಟೆ ಬರುತ್ತೆ. ಅದರ ವಾಲ್ವ್ ತೆಗೆಯೋ ಸ್ಪ್ಯಾನರನ್ನು ಸಿಲಿಂಡರಿಗೇ ದಾರದಲ್ಲಿ ಕಟ್ಟಿ. ಕತ್ತಲಲ್ಲಿ ಕೈಗೆ ಸಿಗದೇ ಇರೋದು ಅದೇ. ಏದುಸಿರು ಬಂತು ಅಂತ ಸುಮ್ನೆ 5ಕ್ಕೆ ತಿರುಗಿಸಬೇಡಿ. ಸಿಒಪಿಡಿಯವರಿಗೆ ಸಾಮಾನ್ಯವಾಗಿ ರಕ್ತದ ಆಕ್ಸಿಜನ್ ಮಟ್ಟ ಶೇ. 88–92 ಇದ್ದರೆ ಸಾಕು. ಮಿತಿಮೀರಿದರೆ ಕಾರ್ಬನ್ ಡೈಆಕ್ಸೈಡ್ ಕಟ್ಟಿಕೊಂಡು ಮಂಪರು ಹತ್ತುತ್ತೆ, ಮನೆಯವರು ನಿದ್ದೆ ಅಂದುಕೊಳ್ತಾರೆ. ಸಿಲಿಂಡರ್ ಇದೆ ಅಂತ ಮನೇಲೇ ಕೂರಬೇಡಿ. ನೀರು ಬರೋ ಮುಂಚೆ ಹೊರಡಿ. ಕಾಳಜಿ ಕೇಂದ್ರದಲ್ಲಿ ಜನರೇಟರ್ ಇದೆಯಾ ಅಂತ ಜಿಲ್ಲಾ ಕಂಟ್ರೋಲ್ ರೂಮ್ 1077ಕ್ಕೆ ಕೇಳಿ. ಇಲ್ಲಾಂದ್ರೆ ಮೈಸೂರಿನ ನೆಂಟರ ಮನೆ.

ಪಾಲಹಳ್ಳಿ ಅಣ್ಣ: ಫಾರ್ವರ್ಡ್ ಬಂದಿದೆ: ಕರ್ಪೂರ, ಲವಂಗ, ಓಮದ ಪೊಟ್ಟಣ ಮೂಸಿದರೆ ಆಕ್ಸಿಜನ್ ಏರುತ್ತೆ 🙏

ಸಿಸ್ಟರ್: ಏರಲ್ಲ. ಅಳಿಸಿ. ಕರ್ಪೂರ ಮಕ್ಕಳ ಬಾಯಿಗೆ ಹೋದರೆ ಫಿಟ್ಸ್ ಬರುತ್ತೆ. ಆಕ್ಸಿಜನ್ ಇರೋ ಕೋಣೇಲಿ ಅದನ್ನು ಹಚ್ಚೋದಂತೂ ಬೇಡವೇ ಬೇಡ.

ಪಾಲಹಳ್ಳಿ ಅಣ್ಣ: ಒಳ್ಳೇದಕ್ಕೆ ಹಾಕಿದ್ದು ಮೇಡಂ.

ಅಕ್ಕನ ತಮ್ಮ: ನಮ್ಮಕ್ಕ ವೀಲ್‌ಚೇರಲ್ಲಿ ಇರೋದು. ಪಂಚಾಯ್ತೀಲಿ ಕೇಳಿದರೆ ಅಂಗವಿಕಲರ ಪಟ್ಟಿ ಇಲ್ಲ ಅಂತಾರೆ.

ಸಿಸ್ಟರ್: ಇರಲೇಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಸೆಕ್ಷನ್ 8. ಜಿಲ್ಲೆಯ ಅಂಗವಿಕಲರ ವಿವರ ಇಟ್ಟುಕೊಂಡು, ಅಪಾಯ ಇದ್ದಾಗ ಅವರಿಗೆ ತಿಳಿಸೋದು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕೆಲಸ. ಅಧ್ಯಕ್ಷರು ಡಿಸಿ. ಅವರ ಹೆಸರಿಗೇ ಅರ್ಜಿ ಬರೆಯಿರಿ, ಸೀಲ್ ಹಾಕಿದ ಪ್ರತಿ ಇಸ್ಕೊಳ್ಳಿ. ಪಂಚಾಯ್ತಿಯ ವಿಆರ್‌ಡಬ್ಲ್ಯುಗೂ (ಅಂಗವಿಕಲರಿಗಾಗಿ ಇರೋ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಒಂದು ಕೊಡಿ.

ಕೋಟೆ ಬೀದಿ: ನಮ್ಮಮ್ಮನಿಗೆ ಕಿವಿ ಕೇಳಲ್ಲ, ಹಗಲಲ್ಲಿ ಒಬ್ಬರೇ ಇರ್ತಾರೆ. ಮೈಕಲ್ಲಿ ಸಾರಿದ್ದು ಗೊತ್ತಾಗೋದು ಹೇಗೆ?

ಬೈಪಾಸ್ ವಾಸಿ: ಹೊಳೆ ದಂಡೇಲಿ ಮನೆ ಕಟ್ಟಿ ಆಮೇಲೆ ಸರ್ಕಾರ ಬರಲಿ ಅಂದರೆ?

ಅಕ್ಕನ ತಮ್ಮ: ಕಟ್ಟೆ ಬರೋಕೆ ಮುಂಚಿನ ಮನೆ ಸ್ವಾಮಿ ನಮ್ಮದು. ಗೇಟ್ ತೆಗೆಯೋರು ನಾವಾ?

ಬೈಪಾಸ್ ವಾಸಿ: 124.80 ಅಡಿ ತುಂಬಿದ ಮೇಲೆ ನೀರನ್ನ ತಲೆ ಮೇಲೆ ಹೊತ್ಕೊಳ್ತಾರಾ?

ಪಾಲಹಳ್ಳಿ ಅಣ್ಣ: ತುಂಬೋ ತನಕ ಯಾಕೆ ಕಾಯಬೇಕು ಅಂತ ಕೇಳಿ.

ಬೈಪಾಸ್ ವಾಸಿ: ಮೊದಲೇ ಬಿಟ್ಟರೆ ಬೇಸಿಗೇಲಿ ನಾಲೆಗೆ ನೀರಿಲ್ಲ ಅಂತ ನೀವೇ ಹೆದ್ದಾರೀಲಿ ಕೂರ್ತೀರಿ.

ಸಿಸ್ಟರ್: ಜಗಳ ಬೇರೆ ಕಡೆ ಆಡ್ಕೊಳ್ಳಿ. ಗಂಜಾಂನವರೇ, ಸಿಲಿಂಡರ್ ಬಂತಾ?

ಹೊಸ ಸದಸ್ಯ: ಕಂಟ್ರೋಲ್ ರೂಮ್ ನಂಬರ್ ಯಾರಾದ್ರೂ ಹಾಕಿ ಪ್ಲೀಸ್.

ಸಿಸ್ಟರ್: 1077. ಮೇಲೇ ಇದೆ. ಆಂಬುಲೆನ್ಸಿಗೆ 108.

ಪಾಲಹಳ್ಳಿ ಅಣ್ಣ: ಫಾರ್ವರ್ಡ್: ನೆಬುಲೈಸರನ್ನೇ ಸಿಲಿಂಡರ್ ಥರ ಬಳಸಬಹುದಂತೆ...

ಸಿಸ್ಟರ್: ನೆಬುಲೈಸರ್ ಔಷಧಿಯನ್ನ ಮಂಜು ಮಾಡುತ್ತೆ, ಆಕ್ಸಿಜನ್ ಕೊಡಲ್ಲ. ಅಡ್ಮಿನ್, ಇವರನ್ನ ಮ್ಯೂಟ್ ಮಾಡ್ರೀ.