ಹಲಸಿನ ತೊಳೆಯನ್ನು ಫ್ರೀಜ್ ಡ್ರೈ ಮಾಡಿ ವರ್ಷಗಟ್ಟಲೆ ಇಡಬಹುದೇ?

ಪ್ರಶ್ನೆ (ಸಾಗರದಿಂದ): ಸರ್, ಅಮೆರಿಕದಲ್ಲಿರುವ ಮಗಳು ಮನೆಯಲ್ಲೇ ಫ್ರೀಜ್ ಡ್ರೈ ಮಾಡುವ ಯಂತ್ರ ಇಟ್ಟುಕೊಂಡಿದ್ದಾಳೆ. ಈ ಸಲ ಬರುವಾಗ ಸ್ಟ್ರಾಬೆರಿ ಒಣಗಿಸಿ ತಂದಿದ್ದಳು. 25 ವರ್ಷ ಕೆಡುವುದಿಲ್ಲವಂತೆ. ನಮ್ಮಲ್ಲಿ ಪ್ರತಿ ವರ್ಷ ಹಲಸು ಮರದ ಬುಡದಲ್ಲೇ ಕೊಳೆಯುತ್ತದೆ. ಅಂಥದೊಂದು ಯಂತ್ರ ತರಿಸಿದರೆ ತೊಳೆಯನ್ನು ಹೀಗೆ ಇಡಬಹುದೇ? ಇನ್ನೊಂದು ಸಂದೇಹ: ಪೊಟ್ಟಣ ಒಡೆದು ತಟ್ಟೆಗೆ ಸುರಿದಿಟ್ಟಿದ್ದೆ. ಸಂಜೆಯೊಳಗೆ ಗರಿಗರಿ ಹೋಗಿ ಮೆತ್ತಗಾಯಿತು. ಕೆಟ್ಟಿತೆಂದು ಲೆಕ್ಕವೇ?

ಉತ್ತರ (ಆಹಾರ ತಂತ್ರಜ್ಞ, ಮೈಸೂರು): ಅಮ್ಮ, ಕೆಟ್ಟಿಲ್ಲ, ಗಾಳಿಯ ತೇವ ಕುಡಿದಿದೆ. ಅಂದೇ ತಿಂದು ಮುಗಿಸಿ, ಮತ್ತೆ ಡಬ್ಬಿಗೆ ತುಂಬಬೇಡಿ. ನಿಮ್ಮ ಮೊದಲ ಪ್ರಶ್ನೆಯ ಉತ್ತರವೂ ಇದರಲ್ಲೇ ಅಡಗಿದೆ.

ಈ ಯಂತ್ರ ಹಣ್ಣನ್ನು ಕಲ್ಲಿನಂತೆ ಹೆಪ್ಪುಗಟ್ಟಿಸಿ, ಒಳಗಿನ ಗಾಳಿಯನ್ನು ಪಂಪಿನಿಂದ ಎಳೆದುಹಾಕುತ್ತದೆ. ಒತ್ತಡ 6 ಮಿಲಿಬಾರಿಗಿಂತ (ನಮ್ಮ ಸುತ್ತಲಿನ ಗಾಳಿಯದು ಸುಮಾರು ಸಾವಿರ ಮಿಲಿಬಾರ್) ಕೆಳಗೆ ಇಳಿದರೆ ನೀರು ದ್ರವವಾಗಿ ನಿಲ್ಲಲಾರದು. ಮಂಜುಗಡ್ಡೆ ಕರ್ಪೂರದಂತೆ ನೇರವಾಗಿ ಆವಿಯಾಗುತ್ತದೆ. ಮಂಜಿದ್ದ ಕಡೆಯಲ್ಲೆಲ್ಲ ಕಣ್ಣಿಗೆ ಕಾಣದ ರಂಧ್ರ ಉಳಿಯುತ್ತದೆ. ಅದಕ್ಕೇ ಹಣ್ಣು ಸುಕ್ಕಾಗುವುದಿಲ್ಲ, ನೀರಿಗೆ ಹಾಕಿದ ಕೂಡಲೇ ಮತ್ತೆ ಉಬ್ಬುತ್ತದೆ. ಅದೇ ರಂಧ್ರಗಳು ಮಲೆನಾಡಿನ ಆಷಾಢದ ಗಾಳಿಯನ್ನೂ ಬಿಡದೆ ಹೀರುತ್ತವೆ. ಹಲಸು ಕೈಗೆ ಸಿಗುವುದೂ ಮಳೆ ಹಿಡಿಯುವ ಹೊತ್ತಿಗೇ.

ಹಾಗಾಗಿ ವರ್ಷಗಟ್ಟಲೆ ಕಾಯುವುದು ಯಂತ್ರವಲ್ಲ, ಪೊಟ್ಟಣ. ಅಲ್ಯೂಮಿನಿಯಂ ಪದರವಿರುವ ದಪ್ಪ ಚೀಲವೇ ಆಗಬೇಕು. ಪಾರದರ್ಶಕ ಪ್ಲಾಸ್ಟಿಕ್ ಮೂಲಕ ತೇವ ನಿಧಾನವಾಗಿ ನುಸುಳುತ್ತದೆ. ಒಳಗೆ ಕಬ್ಬಿಣದ ಪುಡಿಯಿರುವ, ಆಮ್ಲಜನಕ ಹೀರುವ ಸಣ್ಣ ಪೊಟ್ಟಣ ಇಡಬೇಕು. ಹೊಸ ಚಪ್ಪಲಿ ಡಬ್ಬಿಯಲ್ಲಿ ಸಿಗುವ ಸಿಲಿಕಾ ಜೆಲ್ ಬೇರೆ, ಅದು ತೇವವನ್ನಷ್ಟೇ ಹಿಡಿಯುತ್ತದೆ. ಮಂಜು ಆವಿಯಾಗಲೆಂದು ಯಂತ್ರ ಕಾಯಿಸಿದ ತಟ್ಟೆ ಇನ್ನೂ ಬೆಚ್ಚಗಿರುವಾಗಲೇ ತುಂಬಿ ಸೀಲ್ ಮಾಡಬೇಕು. 25 ವರ್ಷ ಎನ್ನುವುದು ತಂಪಾದ, ಕತ್ತಲಿನ ಜಾಗದಲ್ಲಿ ಒಡೆಯದೆ ಇಟ್ಟ ಪೊಟ್ಟಣಕ್ಕೆ ಮಾರುವವರು ಹೇಳುವ ಮಾತು. ಅಟ್ಟದ ಮೇಲಿನ ಸೆಖೆಗೆ ಅದು ಅನ್ವಯಿಸದು. ಬಣ್ಣ, ಪರಿಮಳ, ವಿಟಮಿನ್ ಸಿ ಬಹಳ ಮೊದಲೇ ಇಳಿಯುತ್ತವೆ.

ಇನ್ನು ಖರ್ಚು. ಅಮೆರಿಕದಲ್ಲಿ ಮನೆಬಳಕೆಗೆ ಹೆಸರಾಗಿರುವುದು ಯೂಟಾ ರಾಜ್ಯದ ಹಾರ್ವೆಸ್ಟ್ ರೈಟ್ ಕಂಪನಿಯ ಯಂತ್ರ. ಚಿಕ್ಕದಕ್ಕೂ ಎರಡು ಸಾವಿರ ಡಾಲರ್ ಮೇಲಾಗುತ್ತದೆ, ಸುಂಕ ಬೇರೆ. ಅಲ್ಲಿಯ ವಿದ್ಯುತ್ತು 120 ವೋಲ್ಟ್, ನಮ್ಮದು 230. ಒಂದು ಸರದಿಗೆ ಒಂದರಿಂದ ಎರಡು ದಿನ ಬೇಕು, ನಡುವೆ ಕರೆಂಟು ಹೋಗಬಾರದು. ಹಲಸಿನ ತೊಳೆಯಲ್ಲಿ ಮುಕ್ಕಾಲು ಪಾಲು ನೀರು. ನಾಲ್ಕು ಕಿಲೋ ತುಂಬಿದರೆ ಒಂದು ಕಿಲೋ ಸಿಗುತ್ತದೆ. ಒಂದು ಮನೆಗಾಗಿ ಇದನ್ನು ಕೊಳ್ಳಿ ಎಂದು ನಾನು ಹೇಳಲಾರೆ. ಊರಿನ ಹತ್ತು ಮನೆಯವರು ಸೇರಿ ಮಾರುವ ಯೋಚನೆಯಿದ್ದರೆ ಮೊದಲು ಇಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ಯಲ್ಲಿ ವಿಚಾರಿಸಿ. ಮನೆಮಟ್ಟಿಗಾದರೆ ಹಪ್ಪಳ ತಟ್ಟಿ. ಖರ್ಚೂ ಕಡಿಮೆ, ರುಚಿಯೂ ಮೇಲು!

ಇನ್ನೊಬ್ಬರು (ಹುಬ್ಬಳ್ಳಿ): ಸರ್, ಮನೆಯಲ್ಲಿ ಡೀಪ್ ಫ್ರೀಜರ್ ಇದೆ. ಎ.ಸಿ. ರಿಪೇರಿಯವರ ವ್ಯಾಕ್ಯೂಮ್ ಪಂಪು ಸಿಗುತ್ತದೆ. ನಾವೇ ಜೋಡಿಸಿಕೊಳ್ಳಬಾರದೇ?

ಉತ್ತರ: ಉತ್ಸಾಹ ಒಳ್ಳೆಯದೇ, ಆದರೆ ಪಂಪು ಉಳಿಯುವುದಿಲ್ಲ. ಒಂದು ಮಿಲಿಬಾರ್ ಒತ್ತಡದಲ್ಲಿ ಒಂದೇ ಗ್ರಾಂ ಮಂಜು ಸಾವಿರ ಲೀಟರಿಗೂ ಹೆಚ್ಚು ಆವಿಯಾಗುತ್ತದೆ. ಕಿಲೋಗಟ್ಟಲೆ ನೀರನ್ನು ಪಂಪಿಗೆ ಎಳೆಯಲು ಬಿಟ್ಟರೆ ಅದರ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ. ನಿಜವಾದ ಯಂತ್ರದಲ್ಲಿ ಆವಿಯನ್ನು ದಾರಿಯಲ್ಲೇ ಹಿಡಿದು ಮತ್ತೆ ಮಂಜಾಗಿಸುವ, ಹಣ್ಣಿಗಿಂತಲೂ ತಣ್ಣಗಿನ ಭಾಗವೊಂದು ಇರುತ್ತದೆ. ಕೆಲಸವೆಲ್ಲ ಅದರದ್ದೇ. ಮತ್ತೆ, ನಿರ್ವಾತಕ್ಕೆಂದು ಮಾಡಿರದ ಗಾಜಿನ ಪಾತ್ರೆಯನ್ನು ಪಂಪಿಗೆ ಹಚ್ಚಬೇಡಿ, ಒಳಮುಖವಾಗಿ ಸಿಡಿಯುತ್ತದೆ.

ಮತ್ತೊಬ್ಬರು (ಡಲ್ಲಾಸ್‌ನಲ್ಲಿರುವ ಕನ್ನಡಿಗರು): ನನ್ನ ಬಳಿ ಯಂತ್ರವಿದೆ. ಸಾಂಬಾರು, ಮೊಸರು, ಹಸಿ ಕೋಳಿಮಾಂಸ ಎಲ್ಲವನ್ನೂ ಮಾಡಬಹುದೇ? ಒಣಗಿದೆ ಎಂದು ಗೊತ್ತಾಗುವುದು ಹೇಗೆ?

ಉತ್ತರ: ಮೊದಲು ಕೋಳಿ. ಫ್ರೀಜ್ ಡ್ರೈ ಮಾಡಿದರೆ ರೋಗಾಣು ಸಾಯುವುದಿಲ್ಲ, ನೀರಿಲ್ಲದೆ ಸುಮ್ಮನಿರುತ್ತದೆ. ಮೊಸರಿನ ಹೆಪ್ಪಿನ ಬ್ಯಾಕ್ಟೀರಿಯಾವನ್ನು ಡೈರಿಗಳಿಗೆ ಜೀವಂತವಾಗಿ ಮಾರುವುದೂ ಇದೇ ವಿಧಾನದಲ್ಲಿ. ಆ ಬ್ಯಾಕ್ಟೀರಿಯಾ ಬದುಕುವಂತೆ ಹಸಿ ಕೋಳಿಯಲ್ಲಿರಬಹುದಾದ ಸಾಲ್ಮೊನೆಲ್ಲಾ ರೋಗಾಣುವೂ ಬದುಕುತ್ತದೆ. ಹಸಿ ಮಾಂಸ ಒಣಗಿದರೂ ಹಸಿ ಮಾಂಸವೇ, ಬೇಯಿಸಿಯೇ ಒಣಗಿಸಿ. ಮೊಸರನ್ನು ಧಾರಾಳವಾಗಿ ಮಾಡಿ. ಸಾಂಬಾರು ಆಗುತ್ತದೆ, ಒಗ್ಗರಣೆ ಮಾತ್ರ ಬೇಡ, ತಿನ್ನುವಾಗ ಕೊಡಿ. ಎಣ್ಣೆ, ತುಪ್ಪ ಒಣಗುವ ವಸ್ತುಗಳಲ್ಲ, ಕೆಲವೇ ತಿಂಗಳಲ್ಲಿ ಕಮಟುತ್ತವೆ. ತೆಂಗಿನಕಾಯಿ ಅರೆದು ಹಾಕಿದ ಹುಳಿಗೂ ಅದೇ ಗತಿ. ಜೇನು, ಜಾಮ್ ಬಿಟ್ಟುಬಿಡಿ. ದ್ರಾಕ್ಷಿ, ನೇರಳೆಯ ಸಿಪ್ಪೆ ಆವಿಯನ್ನು ತಡೆಯುತ್ತದೆ, ಸೀಳಿ ಹಾಕಿ.

ಒಣಗಿತೇ ಎಂದು ನೋಡಲು ಅತಿ ದಪ್ಪನೆಯ ತುಂಡನ್ನು ಮುರಿದು ನಡುಭಾಗವನ್ನು ಬೆರಳಿಗೆ ತಾಗಿಸಿ. ತಣ್ಣಗಿದ್ದರೆ ಒಳಗೆ ಇನ್ನೂ ಮಂಜಿದೆ. ಆಮೇಲೆ ತಟ್ಟೆ ತೂಗಿ, ಎರಡು ಗಂಟೆ ಹೆಚ್ಚುವರಿ ಓಡಿಸಿ, ಮತ್ತೆ ತೂಗಿ. ತೂಕ ಇಳಿಯದಿದ್ದರೆ ಮಾತ್ರ ಪೊಟ್ಟಣ ಕಟ್ಟಿ. ಇದರಲ್ಲಿ ಸೋಮಾರಿತನ ಬೇಡ: ಆಮ್ಲಜನಕವಿಲ್ಲದ ಪೊಟ್ಟಣದಲ್ಲಿ ಅರೆಹಸಿ ಬೇಳೆಯೋ ಮಾಂಸವೋ ಉಳಿದರೆ ಬಾಟ್ಯುಲಿಸಂ ರೋಗ ತರುವ ಪ್ರಾಣಾಂತಕ ವಿಷ ಹುಟ್ಟಬಹುದು, ಅದು ವಾಸನೆಯಿಂದ ತಿಳಿಯುವುದಿಲ್ಲ.

ಸಾಗರದಿಂದ: ಧನ್ಯವಾದ ಸರ್. ಅಂಗಡಿಯ ಹಲಸಿನ ಚಿಪ್ಸೂ ಇದೇ ಬಗೆಯದೇ?

ಉತ್ತರ: ಅಲ್ಲ ಅಮ್ಮ. ಅದು ಕರಿದದ್ದು. ನಿರ್ವಾತದಲ್ಲಿ ಕಡಿಮೆ ಶಾಖಕ್ಕೆ ಕರಿಯುವವರೂ ಇದ್ದಾರೆ, ಆಗಲೂ ಎಣ್ಣೆ ಇದ್ದೇ ಇರುತ್ತದೆ. ಪೊಟ್ಟಣದ ಹಿಂದೆ ಎಣ್ಣೆಯ ಹೆಸರು ಬರೆದಿರುತ್ತದೆ, ನೋಡಿ.