ಅಂಗಾಮಿಯ ‘ಕಣ್ಣು’ ಪದವನ್ನು ಕನ್ನಡದಲ್ಲಿ ಬರೆಯುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಕಾಲೇಜಿನಲ್ಲಿ ಓದುತ್ತಿರುವ ನಾಗಾಲ್ಯಾಂಡಿನ ವಿದ್ಯಾರ್ಥಿನಿಯೊಬ್ಬಳು ತನ್ನ ಅಂಗಾಮಿ ಭಾಷೆಯಲ್ಲಿ ಕಣ್ಣಿಗಿರುವ ಪದವನ್ನು ರೋಮನ್ ಲಿಪಿಯ ಎಮ್, ಎಚ್, ಐ ಅಕ್ಷರಗಳಲ್ಲಿ ಬರೆದುಕೊಟ್ಟಳು. ವಾರ್ಷಿಕ ಸಂಚಿಕೆಗೆಂದು ನಾನು ಅದನ್ನು ‘ಮ್ಹಿ’ ಎಂದು ಬರೆದು ಓದಿದಾಗ, ಹಾಗಲ್ಲ ಎಂದಳು. ತಪ್ಪಿರುವುದು ಬರವಣಿಗೆಯಲ್ಲೋ ಉಚ್ಚಾರಣೆಯಲ್ಲೋ?

ಉತ್ತರ (ಧ್ವನಿವಿಜ್ಞಾನದ ಅಧ್ಯಾಪಕಿ): ಬರವಣಿಗೆಯನ್ನು ತಪ್ಪೆನ್ನಲಾರೆ, ನೀವು ಅದನ್ನು ಕನ್ನಡದ ರೂಢಿಯಂತೆ ಓದಿದ್ದೀರಿ. ನಾವು ‘ಬ್ರಹ್ಮ’ ಎಂದು ಬರೆದು ‘ಬ್ರಮ್ಹ’ ಎನ್ನುವಾಗ ನಾದವುಳ್ಳ, ಎಂದರೆ ಗಂಟಲು ಕಂಪಿಸುವ, ಮಕಾರ ಮೊದಲು ಬಂದು, ಅದರ ಬೆನ್ನಿಗೆ ಹಕಾರ ಬರುತ್ತದೆ. ಅಂಗಾಮಿಯಲ್ಲಿ ಇವು ಎರಡಲ್ಲ, ಒಂದೇ ವ್ಯಂಜನ. ತುಟಿ ಮುಚ್ಚಿ ಮೂಗಿನಿಂದ ಉಸಿರು ಬಿಡುವಷ್ಟು ಹೊತ್ತೂ ಗಂಟಲಲ್ಲಿ ನಾದವಿರುವುದಿಲ್ಲ. ತುಟಿ ತೆರೆದ ಮೇಲೂ ಕ್ಷಣಕಾಲ ಬರಿಯ ಉಸಿರೇ ಹರಿದು, ಆಮೇಲಷ್ಟೇ ‘ಇ’ ಕೇಳಿಸುತ್ತದೆ. ಬರ್ಮೀ ಭಾಷೆಯಲ್ಲೂ ಅಘೋಷ ಅನುನಾಸಿಕಗಳಿವೆ (ನಾದವಿಲ್ಲದೆ ಮೂಗಿನಿಂದ ಬರುವ ಧ್ವನಿಗಳು), ಆದರೆ ಅಲ್ಲಿ ತುಟಿ ತೆರೆಯುವ ಮೊದಲೇ ನಾದ ಶುರುವಾಗುತ್ತದೆ. ಅಂಗಾಮಿಯ ಈ ಧ್ವನಿ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಗಂಟಲ ಮೇಲೆ ಬೆರಳಿಟ್ಟು ಮೊದಲು ‘ಮಿ’ ಎನ್ನಿ. ಬೆರಳಿಗೆ ತಾಗುವ ಆ ಕಂಪನ ಮಕಾರದಲ್ಲಿ ಇಲ್ಲವಾಗುವ ತನಕ ಅಭ್ಯಾಸ ಮಾಡಿ.

ಈ ಭಾಷೆಗೆ ರೋಮನ್ ಲಿಪಿ ಬಂದದ್ದು 19ನೆಯ ಶತಮಾನದ ಕೊನೆಯಲ್ಲಿ, ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿಗಳ ಮೂಲಕ. ನಾದವಿಲ್ಲದ ಧ್ವನಿಗಳಿಗೆ ಆ ಲಿಪಿಯಲ್ಲಿ ಬೇರೆ ಅಕ್ಷರವಿಲ್ಲದ್ದರಿಂದ ‘ಎಚ್’ ಅನ್ನು ಗುರುತಾಗಿ ಜೋಡಿಸಿದರು. ನಾಗಾಲ್ಯಾಂಡಿನ ರಾಜಧಾನಿ ಕೊಹಿಮಾದ ಮೂಲ ಹೆಸರಾದ ‘ಕೆವ್ಹಿರಾ’ದಲ್ಲಿರುವುದೂ ಅಂಥದೇ ಜೋಡಿ; ಅದನ್ನು ಉಚ್ಚರಿಸಲಾಗದ ಬ್ರಿಟಿಷರ ಬಾಯಲ್ಲಿ ಊರಿನ ಹೆಸರೇ ಬದಲಾಯಿತು.

ಮರುಪ್ರಶ್ನೆ: ನಾದವಿಲ್ಲದೆ ಹೇಳಿದೆ, ಒಪ್ಪಿದಳು. ಆದರೆ ದನಿಯ ಏರಿಳಿತ ಸರಿಯಿಲ್ಲ ಎನ್ನುತ್ತಾಳೆ. ಅವಳ ಬರಹದಲ್ಲಿ ಅದಕ್ಕೆ ಗುರುತೇ ಇಲ್ಲವಲ್ಲ?

ಉತ್ತರ: ಅಲ್ಲಿನ ದಿನಬಳಕೆಯ ಬರಹದಲ್ಲಿ ಸಾಮಾನ್ಯವಾಗಿ ಆ ಗುರುತು ಹಾಕುವುದಿಲ್ಲ. ನಮ್ಮಲ್ಲಿ ‘ಬಂದ’ ಎಂಬುದನ್ನು ದನಿಯೇರಿಸಿ ಹೇಳಿದರೆ ವಾಕ್ಯ ಪ್ರಶ್ನೆಯಾಗುತ್ತದೆ, ಪದದ ಅರ್ಥ ಹಾಗೇ ಉಳಿಯುತ್ತದೆ. ಅಂಗಾಮಿಯಲ್ಲಿ ಪದವೇ ಬೇರೆಯಾಗುತ್ತದೆ. ಖೊನೊಮಾ ಊರಿನ ಅಂಗಾಮಿಯಲ್ಲಿ ದನಿಯ ಇಂಥ ನಾಲ್ಕು ಮಟ್ಟಗಳನ್ನು ಗುರುತಿಸಲಾಗಿದೆ. ಆಡುವವರಿಗೆ ಸಂದರ್ಭವೇ ಸಾಕು, ಕಲಿಯುವವರಿಗೆ ಸಾಲದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 1970ರ ದಶಕದಲ್ಲಿ ಅಂಗಾಮಿ ಮತ್ತು ನಾಗಾಲ್ಯಾಂಡಿನದೇ ಆದ ಆವೊ ಭಾಷೆಗಳ ಧ್ವನಿಪಾಠಗಳನ್ನು (ಉಚ್ಚಾರಣೆ ಕಲಿಸುವ ಪುಸ್ತಕಗಳನ್ನು) ಪ್ರಕಟಿಸಿತು, ಸಿಕ್ಕರೆ ನೋಡಿ.

ಸಂಚಿಕೆಯಲ್ಲಿ ‘ಮ್ಹಿ’ ಎಂದೇ ಇರಲಿ. ಪಕ್ಕದಲ್ಲಿ ಅವಳದೇ ರೋಮನ್ ಬರಹವನ್ನೂ, ಮಕಾರಕ್ಕೆ ನಾದವಿಲ್ಲವೆಂಬ ಒಂದು ಸಾಲನ್ನೂ ಸೇರಿಸಿ. ಉಚ್ಚಾರ ಊರಿಂದೂರಿಗೆ ಬದಲಾಗುವುದರಿಂದ ಅವಳ ಊರಿನ ಹೆಸರನ್ನು ಕೇಳಿ ಬರೆಯಿರಿ.