ರಾತ್ರಿಯಿಡೀ ನಡೆಯುವ ಯಕ್ಷಗಾನದ ವಿಡಿಯೋಗಳು: ಕೇಳಿದ ಕ್ಷಣದಲ್ಲೇ ಟ್ರಾನ್ಸ್‌ಕೋಡ್ ಮಾಡುವುದು ಸರಿಯೇ?

ಕಡಲತಡಿ:

ಎಲ್ಲರಿಗೂ ನಮಸ್ಕಾರ. ಕರಾವಳಿಯ ಒಂದು ಸಣ್ಣ ಸಂಸ್ಥೆಯ ಬಳಿ ಇರುವ ಯಕ್ಷಗಾನದ ವಿಡಿಯೋ ದಾಖಲೆಗಳನ್ನು ಜಾಲತಾಣದಲ್ಲಿ ನೋಡಲು ಸಿಗುವಂತೆ ಮಾಡುವ ಕೆಲಸವನ್ನು ವಹಿಸಿಕೊಂಡಿದ್ದೇನೆ. ಸುಮಾರು 400 ಆಟಗಳಿವೆ. ಬಹುತೇಕ ಎಲ್ಲವೂ ಇಡೀ ರಾತ್ರಿಯವು, ಅಂದರೆ ಒಂದೊಂದೂ ಎಂಟು ಗಂಟೆಯ ಆಸುಪಾಸಿನವು. ಹಳೆಯವು ಮಿನಿ ಡಿವಿ ಟೇಪಿನಿಂದ ಇಳಿಸಿಕೊಂಡ 576 ಸಾಲುಗಳ ಇಂಟರ್‌ಲೇಸ್ಡ್ (ಬೆಸ-ಸಮ ಸಾಲುಗಳನ್ನು ಸರದಿಯಂತೆ ದಾಖಲಿಸುವ) ಕಡತಗಳು, ಹೊಸವು 1080 ಸಾಲುಗಳ, ಎಚ್.264 ಎಂಬ ಸಂಕುಚಿತ ರೂಪದ ಕಡತಗಳು. ಎಲ್ಲವೂ ಸೆಕೆಂಡಿಗೆ 25 ಫ್ರೇಮಿನವು, ಧ್ವನಿ 48 ಕಿಲೋಹರ್ಟ್ಸ್.

ಇವೆಲ್ಲವನ್ನೂ ಮೂರು ಗುಣಮಟ್ಟಗಳಲ್ಲಿ ಮೊದಲೇ ಸಿದ್ಧಪಡಿಸಿ ಇಡುವ ಬದಲು, ಎಚ್‌ಎಲ್‌ಎಸ್ (ವಿಡಿಯೋವನ್ನು ಸಣ್ಣ ತುಣುಕುಗಳಾಗಿ ಕಳುಹಿಸುವ ವಿಧಾನ) ಪ್ಲೇಲಿಸ್ಟನ್ನು, ಅಂದರೆ ತುಣುಕುಗಳ ಪಟ್ಟಿಯನ್ನು, ಮಾತ್ರ ಬರೆದಿಟ್ಟು, ಪ್ಲೇಯರ್ ಯಾವ ತುಣುಕನ್ನು ಕೇಳುತ್ತದೆಯೋ ಅದನ್ನಷ್ಟೇ ಆಗಲೇ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಿಂದ ಟ್ರಾನ್ಸ್‌ಕೋಡ್ ಮಾಡಿ (ಬೇರೆ ರೂಪ, ಗುಣಮಟ್ಟಕ್ಕೆ ಬದಲಿಸಿ) ಕಳುಹಿಸುವ ವ್ಯವಸ್ಥೆಯನ್ನು ಕಟ್ಟಿದ್ದೇನೆ. ತುಣುಕಿನ ಉದ್ದ ಆರು ಸೆಕೆಂಡು. ಪ್ರತಿ ತುಣುಕಿಗೂ ಹೊಸ ಪ್ರೊಸೆಸ್. ಈ ದಾರಿ ಹಿಡಿಯಲು ಕಾರಣವಿದೆ. ಇಡೀ ಆಟವನ್ನು ಮೊದಲಿನಿಂದ ನೋಡುವವರು ಇಲ್ಲವೆಂದೇ ಹೇಳಬಹುದು. ದುಬೈಯಲ್ಲೋ ಮುಂಬೈಯಲ್ಲೋ ಇರುವವರು ನೇರವಾಗಿ ತಮಗೆ ಬೇಕಾದ ಬಣ್ಣದ ವೇಷದ ಒಡ್ಡೋಲಗಕ್ಕೆ ಜಿಗಿದು, ಕಾಲು ಗಂಟೆ ನೋಡಿ ಹೊರಡುತ್ತಾರೆ.

ತೊಂದರೆ ಎಲ್ಲಿದೆಯೆಂದರೆ, ಪ್ರಸಂಗದ ಆರಂಭದ ಭಾಗಕ್ಕೆ ಜಿಗಿದರೆ ಚಿತ್ರ ಬೇಗ ಬರುತ್ತದೆ, ಬೆಳಗಿನ ಜಾವದ ಭಾಗಕ್ಕೆ ಜಿಗಿದರೆ ನೋಡುಗರು ಬೇಸತ್ತು ಪುಟವನ್ನೇ ಮುಚ್ಚುವಷ್ಟು ತಡವಾಗುತ್ತದೆ. ಪ್ರತಿ ಆರು ಸೆಕೆಂಡಿಗೊಮ್ಮೆ ಧ್ವನಿಯಲ್ಲಿ ‘ಟಿಕ್’ ಎಂಬ ಸಣ್ಣ ಕಡಿತ ಕೇಳಿಸುತ್ತದೆ. ಭಾಗವತರು ಪದ್ಯವನ್ನು ಎಳೆದು ಹಾಡುವಾಗ ಅದನ್ನು ಸಹಿಸುವುದು ಕಷ್ಟ. ಇದಲ್ಲದೆ, ಒಳ್ಳೆಯ ಸಂಪರ್ಕ ಇರುವವರಿಗೂ ಪ್ಲೇಯರ್ ಅತಿ ಕಡಿಮೆ ಗುಣಮಟ್ಟದಲ್ಲೇ ನಿಂತುಬಿಡುತ್ತದೆ. ಇನ್ನೂ ವೇಗದ ಯಂತ್ರ ತೆಗೆದುಕೊಳ್ಳುವುದೊಂದೇ ಪರಿಹಾರವೇ?

ಬೈಟ್‌ಬಯಲು:

ಯಂತ್ರಕ್ಕೆ ಹಣ ಹಾಕುವ ಮೊದಲು ತುಣುಕಿನ ಉದ್ದವನ್ನು ನೋಡಿ. ಎಎಸಿ ಎಂಬ ಸಂಕುಚಿತ ರೂಪದ ಧ್ವನಿಯ ಒಂದು ಫ್ರೇಮಿನಲ್ಲಿ 1024 ಸ್ಯಾಂಪಲ್‌ಗಳು (ಧ್ವನಿಯ ಅಳತೆಗಳು) ಇರುತ್ತವೆ. 48 ಕಿಲೋಹರ್ಟ್ಸ್‌ನಲ್ಲಿ ಆರು ಸೆಕೆಂಡಿಗೆ 2,88,000 ಸ್ಯಾಂಪಲ್. ಅದನ್ನು 1024ರಿಂದ ಭಾಗಿಸಿದರೆ 281.25 ಬರುತ್ತದೆ. ಕಾಲು ಫ್ರೇಮ್ ಎಂಬುದು ಇಲ್ಲವಾದ್ದರಿಂದ ಎನ್‌ಕೋಡರ್ (ಸಂಕುಚಿಸುವ ತಂತ್ರಾಂಶ) ಕೊನೆಯ ಫ್ರೇಮಿನ ಉಳಿದ ಜಾಗಕ್ಕೆ ಮೌನವನ್ನು ತುಂಬುತ್ತದೆ; ನಿಮಗೆ ಕೇಳಿಸುವ ಟಿಕ್ ಅದೇ. ತುಣುಕನ್ನು 3.84 ಸೆಕೆಂಡಿಗೆ ಇಳಿಸಿದರೆ ಧ್ವನಿಯ 180 ಫ್ರೇಮ್, ಚಿತ್ರದ 96 ಫ್ರೇಮ್ ಎರಡೂ ಚೊಕ್ಕವಾಗಿ ಕೂರುತ್ತವೆ.

ಸಂಪಿಗೆಮರ:

3.84ರ ಲೆಕ್ಕ ಸರಿಯಾಗಿದೆ, ಆದರೆ ಟಿಕ್ ಸದ್ದು ಅದರಿಂದ ಪೂರ್ತಿ ಹೋಗುವುದಿಲ್ಲ. ಎಎಸಿಯಲ್ಲಿ ಪ್ರತಿ ಫ್ರೇಮೂ ಹಿಂದಿನ ಫ್ರೇಮಿನೊಂದಿಗೆ ಅರ್ಧ ಬೆರೆತೇ ಧ್ವನಿಯಾಗುವುದರಿಂದ, ಹೊಸದಾಗಿ ಶುರುವಾದ ಎನ್‌ಕೋಡರ್ ಪ್ರತಿ ಸಲವೂ ಮೊದಲಿಗೆ ಒಂದಿಷ್ಟು ಖಾಲಿ ಸ್ಯಾಂಪಲ್‌ಗಳನ್ನು ಸೇರಿಸಿಯೇ ಮುಂದುವರಿಯುತ್ತದೆ. ಆದ್ದರಿಂದ ಧ್ವನಿಯನ್ನು ಕೇಳಿದಾಗ ಟ್ರಾನ್ಸ್‌ಕೋಡ್ ಮಾಡುವ ಆಸೆಯನ್ನೇ ಬಿಡಿ. ಇಡೀ ಆಟದ ಧ್ವನಿಯನ್ನು ಒಂದೇ ಓಟದಲ್ಲಿ ಮೊದಲೇ ಎನ್‌ಕೋಡ್ ಮಾಡಿ, ಎಚ್‌ಎಲ್‌ಎಸ್‌ನ ಮುಖ್ಯ ಪ್ಲೇಲಿಸ್ಟಿನಲ್ಲಿ ಪ್ರತ್ಯೇಕ ಧ್ವನಿ ಟ್ರ್ಯಾಕ್ ಆಗಿ ಕೊಡಿ. ಸೆಕೆಂಡಿಗೆ 96 ಕಿಲೋಬಿಟ್‌ನಂತೆ ಎಂಟು ಗಂಟೆಗೆ ಸುಮಾರು 346 ಎಂಬಿ ಅಷ್ಟೇ.

ಜಿಗಿತ ತಡವಾಗುವ ವಿಷಯದಲ್ಲಿ ನೀವು ಕೊಟ್ಟ ಲಕ್ಷಣವೇ ಕಾರಣವನ್ನು ಹೇಳುತ್ತಿದೆ. ಮುಂದೆ ಹೋದಷ್ಟೂ ತಡ ಹೆಚ್ಚುತ್ತದೆ ಎಂದರೆ ಎಫ್‌ಎಫ್‌ಎಂಪೆಗ್ ಆದೇಶದಲ್ಲಿ ‘-ಎಸ್‌ಎಸ್’ ಆಯ್ಕೆಯನ್ನು ಇನ್‌ಪುಟ್ ಕಡತದ ಹೆಸರಿನ ನಂತರ ಬರೆದಿದ್ದೀರಿ ಎಂದೇ ನನ್ನ ಊಹೆ. ಹಾಗೆ ಬರೆದರೆ ಅದು ಕಡತವನ್ನು ಮೊದಲಿನಿಂದ ಡಿಕೋಡ್ ಮಾಡುತ್ತಾ, ಕೇಳಿದ ಜಾಗ ಬರುವವರೆಗೆ ಎಲ್ಲವನ್ನೂ ಚೆಲ್ಲುತ್ತಾ ಹೋಗುತ್ತದೆ. ಹೆಸರಿಗಿಂತ ಮೊದಲು ಬರೆದರೆ ಹತ್ತಿರದ ಹಿಂದಿನ ಕೀಫ್ರೇಮಿಗೆ (ಬೇರೆ ಫ್ರೇಮುಗಳ ನೆರವಿಲ್ಲದೆ ಬಿಡಿಸಬಹುದಾದ ಫ್ರೇಮಿಗೆ) ನೇರವಾಗಿ ಹೋಗುತ್ತದೆ. ಆಮೇಲೂ ಒಂದು ಅಡ್ಡಿ ಉಳಿಯಬಹುದು: ಎಚ್.264 ಎನ್‌ಕೋಡರ್ ಆದ ಎಕ್ಸ್264 ತನ್ನ ಪೂರ್ವನಿಯೋಜಿತ ಸ್ಥಿತಿಯಲ್ಲಿ ಎರಡು ಕೀಫ್ರೇಮುಗಳ ನಡುವೆ 250 ಫ್ರೇಮುಗಳವರೆಗೆ ಬಿಡುತ್ತದೆ, ಅಂದರೆ ನಿಮ್ಮ ಕಡತಗಳಲ್ಲಿ ಹತ್ತು ಸೆಕೆಂಡು, ನಾಲ್ಕು ಸೆಕೆಂಡಿನ ತುಣುಕಿಗಾಗಿ ಅಷ್ಟನ್ನೂ ಡಿಕೋಡ್ ಮಾಡಬೇಕಾದ ಸಂದರ್ಭ ಬರುತ್ತದೆ.

ಪ್ರತಿ ತುಣುಕಿಗೂ ಹೊಸ ಪ್ರೊಸೆಸ್ ಎಬ್ಬಿಸುವುದೂ ದಂಡ. ನೋಡುಗರು ಒಂದು ಜಾಗಕ್ಕೆ ಬಂದು ನಿಂತ ಮೇಲೆ ಒಂದೇ ಪ್ರೊಸೆಸ್ ಕೆಲವು ತುಣುಕುಗಳಷ್ಟು ಮುಂದೆ ಓಡುತ್ತಿರಲಿ, ಬೇರೆಡೆಗೆ ಜಿಗಿದಾಗ ಮಾತ್ರ ಅದನ್ನು ನಿಲ್ಲಿಸಿ ಹೊಸದನ್ನು ಶುರು ಮಾಡಿ. ಜೆಲ್ಲಿಫಿನ್‌ನಂತಹ ಮುಕ್ತ ತಂತ್ರಾಂಶದ ನಡೆ ಇದೇ. ಹೊಸ ಪ್ರೊಸೆಸ್ ತನ್ನ ಕಾಲಮುದ್ರೆಗಳನ್ನು ಸೊನ್ನೆಯಿಂದ ಎಣಿಸದಂತೆ ನೋಡಿಕೊಳ್ಳಿ, ಇಲ್ಲವಾದರೆ ಪ್ಲೇಯರ್ ದಾರಿ ತಪ್ಪುತ್ತದೆ. ಅಂದಹಾಗೆ, ಎಕ್ಸ್264ರ ‘ಝೀರೋಲೇಟೆನ್ಸಿ’ ಎಂಬ ಟ್ಯೂನ್ (ಸಿದ್ಧ ಹೊಂದಾಣಿಕೆ) ಹೆಸರಿಗೆ ಮರುಳಾಗಬೇಡಿ. ಅದು ನೇರಪ್ರಸಾರಕ್ಕಾಗಿ ಇರುವಂಥದ್ದು. ಬಿ-ಫ್ರೇಮುಗಳನ್ನೂ (ಹಿಂದು-ಮುಂದಿನ ಫ್ರೇಮುಗಳಿಂದ ಊಹಿಸುವ ಫ್ರೇಮುಗಳು) ಮುನ್ನೋಟವನ್ನೂ (ಮುಂದಿನ ಫ್ರೇಮುಗಳನ್ನು ಮೊದಲೇ ನೋಡಿಕೊಳ್ಳುವುದು) ಕೈಬಿಡುವುದರಿಂದ ಅದೇ ಗುಣಮಟ್ಟಕ್ಕೆ ಹೆಚ್ಚು ಬಿಟ್‌ಗಳು ಖರ್ಚಾಗುತ್ತವೆ. ನಿಮ್ಮ ನೋಡುಗರಿಗೆ ಬೇಕಿರುವುದು ಒತ್ತಿದ ತಕ್ಷಣ ಮೊದಲ ಚಿತ್ರ ಕಾಣುವುದು. ಅದಕ್ಕೆ ಚಿಕ್ಕ ತುಣುಕು ಮತ್ತು ‘ವೆರಿಫಾಸ್ಟ್’ ಎಂಬ ವೇಗದ ಪ್ರಿಸೆಟ್ ಸಾಕು.

ಇನ್ನು ಕಡಿಮೆ ಗುಣಮಟ್ಟದಲ್ಲಿ ನಿಲ್ಲುವ ವಿಷಯ. ತುಣುಕನ್ನು ಕೇಳಿದಾಗಿನಿಂದ ಅದರ ಕೊನೆಯ ಬೈಟ್ ಸಿಗುವವರೆಗಿನ ಸಮಯವನ್ನು ನೋಡಿ ಪ್ಲೇಯರ್ ಸಂಪರ್ಕದ ವೇಗವನ್ನು ಅಂದಾಜಿಸುತ್ತದೆ. ಆ ಸಮಯದಲ್ಲಿ ನಿಮ್ಮ ಸರ್ವರ್ ಎನ್‌ಕೋಡ್ ಮಾಡುತ್ತಿತ್ತು ಎಂಬುದು ಅದಕ್ಕೆ ತಿಳಿಯುವ ದಾರಿಯಿಲ್ಲ. ಜಾಲವೇ ನಿಧಾನವೆಂದು ಭಾವಿಸುತ್ತದೆ. ಆದ್ದರಿಂದ ಅತಿ ಕೆಳಗಿನ ಗುಣಮಟ್ಟದ ಚಿತ್ರವನ್ನು ಮಾತ್ರ ಮೊದಲೇ ಸಿದ್ಧಪಡಿಸಿಡಿ. ಜಿಗಿದ ಕೂಡಲೇ ಅದು ಸಿಗುತ್ತದೆ, ಅಂದಾಜೂ ಸರಿಯಾಗುತ್ತದೆ, ಅಷ್ಟರಲ್ಲಿ ಮೇಲಿನ ಗುಣಮಟ್ಟದ ಮುಂದಿನ ತುಣುಕು ಹಿನ್ನೆಲೆಯಲ್ಲಿ ತಯಾರಾಗಿರುತ್ತದೆ. ಎಲ್ಲ ಗುಣಮಟ್ಟಗಳಲ್ಲೂ ಕೀಫ್ರೇಮುಗಳು ಒಂದೇ ಜಾಗದಲ್ಲಿ ಬೀಳುವಂತೆ ಒತ್ತಾಯಿಸುವುದು ಕಡ್ಡಾಯ.

ಲೆಕ್ಕಿಗ:

ಸಂಪಿಗೆಮರ ಅವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಪ್ರಶ್ನೆಯ ಬುಡದಲ್ಲೇ ನನಗೆ ಅನುಮಾನವಿದೆ. ಸೆಕೆಂಡಿಗೆ 0.4, 1.2 ಮತ್ತು 2.5 ಮೆಗಾಬಿಟ್‌ನ ಮೂರು ಗುಣಮಟ್ಟಗಳನ್ನು ಇಟ್ಟರೆ ಒಂದು ಆಟಕ್ಕೆ 1.44, 4.32 ಮತ್ತು 9 ಜಿಬಿ. ಧ್ವನಿಯೂ ಸೇರಿ 15 ಜಿಬಿ ಚಿಲ್ಲರೆ. 400 ಆಟಗಳಿಗೆ ಸುಮಾರು 6 ಟೆರಾಬೈಟ್. ಇದು ಒಂದು ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಹಿಡಿಸುವ ಗಾತ್ರ. ಅದೇ ಡಿವಿ ರೂಪದ ಮೂಲ ಕಡತ ಗಂಟೆಗೆ ಸುಮಾರು 13 ಜಿಬಿ, ಒಂದು ಆಟಕ್ಕೆ 100 ಜಿಬಿಯನ್ನು ದಾಟುತ್ತದೆ. ಕೇಳಿದಾಗ ಟ್ರಾನ್ಸ್‌ಕೋಡ್ ಮಾಡಬೇಕೆಂದರೆ ಈ ಮೂಲ ಕಡತ ಹಗಲೂ ರಾತ್ರಿ ಸರ್ವರಿನಲ್ಲೇ ಇರಬೇಕಲ್ಲವೇ? ಹದಿನೈದನ್ನು ಉಳಿಸಲು ನೂರಕ್ಕೆ ಬಾಡಿಗೆ ಕಟ್ಟುವ ಲೆಕ್ಕವಿದು. ಮೊದಲೇ ಸಿದ್ಧಪಡಿಸಿದರೆ ಮೂಲವನ್ನು ಎರಡು ಪ್ರತಿ ಮಾಡಿ ಕಪಾಟಿನಲ್ಲಿ ಇಡಬಹುದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಹಳೆಯ ಟೇಪುಗಳ ಆಟಗಳನ್ನು ಒಮ್ಮೆ ಡಿಇಂಟರ್‌ಲೇಸ್ ಮಾಡಿ (ಬೆಸ-ಸಮ ಸಾಲುಗಳನ್ನು ಪೂರ್ಣ ಚಿತ್ರವಾಗಿಸಿ), ಮೇಲಿನ ಗುಣಮಟ್ಟದವರೆಗೂ ಪೂರ್ತಿ ಎನ್‌ಕೋಡ್ ಮಾಡಿಟ್ಟುಬಿಡುತ್ತಿದ್ದೆ. ಡಿಇಂಟರ್‌ಲೇಸ್ ಫಿಲ್ಟರಿಗೆ ಹಿಂದು-ಮುಂದಿನ ಫ್ರೇಮುಗಳೂ ಬೇಕಾಗುವುದರಿಂದ ತುಣುಕು ತುಣುಕಾಗಿ ಮಾಡಿದರೆ ಅಂಚುಗಳಲ್ಲಿ ಚಿತ್ರ ಹರಿಯುತ್ತದೆ. ಹೊಸ ಕಡತಗಳಿಗೆ ಮಾತ್ರ, ಅದರಲ್ಲೂ ಮೇಲಿನ ಎರಡು ಗುಣಮಟ್ಟಗಳಿಗೆ ಮಾತ್ರ, ಕೇಳಿದಾಗ ಮಾಡುವ ವಿಧಾನವನ್ನು ಉಳಿಸಿಕೊಳ್ಳಿ.

ಕಡಲತಡಿ:

ಮೂವರಿಗೂ ಧನ್ಯವಾದಗಳು. ‘-ಎಸ್‌ಎಸ್’ ಹೆಸರಿನ ನಂತರವೇ ಇತ್ತು. ಮುಂದಕ್ಕೆ ತಂದ ಮೇಲೆ ಬೆಳಗಿನ ಜಾವದ ಮೋಹಿನಿಯೂ ಆರಂಭದ ಪೂರ್ವರಂಗದಷ್ಟೇ ಬೇಗ ಬರುತ್ತಿದೆ. ಟೇಪಿನ ಕಡತಗಳ ಬಗ್ಗೆ ಲೆಕ್ಕಿಗರ ಸಲಹೆಯಂತೆಯೇ ನಡೆಯುತ್ತೇನೆ. ಒಂದು ಸಣ್ಣ ವಿಷಯ ಉಳಿದಿದೆ: ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರಿನಲ್ಲಿ ಪ್ರಾಕ್ಸಿ ಕ್ಯಾಶ್ ಲಾಕ್ (ಒಂದೇ ತುಣುಕಿನ ಎರಡನೆಯ ಕೋರಿಕೆಯನ್ನು ಮೊದಲನೆಯದು ಸಿದ್ಧವಾಗುವವರೆಗೆ ಕಾಯಿಸುವ ವ್ಯವಸ್ಥೆ) ಹಾಕಿದ್ದರೂ, ಒಂದೇ ತುಣುಕನ್ನು ಇಬ್ಬರು ಕೇಳಿದರೆ ಕೆಲವೊಮ್ಮೆ ಎರಡು ಪ್ರೊಸೆಸ್‌ಗಳು ಏಳುತ್ತವೆ.

ಸಂಪಿಗೆಮರ:

ಆ ಲಾಕಿನ ಕಾಯುವ ಅವಧಿ ಪೂರ್ವನಿಯೋಜಿತವಾಗಿ 5 ಸೆಕೆಂಡು ಮಾತ್ರ. ಅಷ್ಟರಲ್ಲಿ ಮೊದಲ ಉತ್ತರ ಸಿದ್ಧವಾಗದಿದ್ದರೆ ಎರಡನೆಯ ಕೋರಿಕೆಯೂ ಹಿಂದಿನ ಸರ್ವರಿಗೆ ಹೋಗುತ್ತದೆ, ಅದರ ಉತ್ತರ ಕ್ಯಾಶಿನಲ್ಲಿ ಉಳಿಯುವುದೂ ಇಲ್ಲ. ಲಾಕಿನ ವಯಸ್ಸಿಗೆ ಬೇರೆಯೇ ಮಿತಿಯಿದ್ದು ಅದೂ 5 ಸೆಕೆಂಡಿನದೇ. ಎರಡನ್ನೂ ನಿಮ್ಮ ಅತಿ ನಿಧಾನದ ತುಣುಕಿಗಿಂತ ಹೆಚ್ಚಿಸಿ. ಲಾಗಿನ್ ಟೋಕನ್ ಅನ್ನು ವಿಳಾಸದ ಕೊನೆಯಲ್ಲಿ ಅಂಟಿಸಿ ಕಳುಹಿಸುತ್ತಿದ್ದರೆ ಕ್ಯಾಶ್ ಕೀಲಿಯಿಂದ (ಕ್ಯಾಶಿನಲ್ಲಿ ತುಣುಕನ್ನು ಗುರುತಿಸುವ ಹೆಸರಿನಿಂದ) ಅದನ್ನು ಹೊರಗಿಡಿ. ಇಲ್ಲವಾದರೆ ಒಬ್ಬೊಬ್ಬರ ಕೋರಿಕೆಯೂ ಬೇರೆ ಬೇರೆ ತುಣುಕೆಂದೇ ಎಣಿಕೆಯಾಗಿ, ಲಾಕಿಗೆ ಕೆಲಸವೇ ಬರುವುದಿಲ್ಲ. ಟೋಕನ್ ಪರೀಕ್ಷೆ ಮಾತ್ರ ಕ್ಯಾಶಿಗಿಂತ ಮೊದಲೇ ನಡೆಯುವಂತಿರಲಿ.